ಮ್ಯೂಸಿಯಂನ ಮೀಟಿಂಗ್ ರೂಮಿಗೆ ಫಾಲ್ಸ್ ಸೀಲಿಂಗ್ ಬೇಡ

ಹಳೇ ಮ್ಯೂಸಿಯಂ ಕಟ್ಟಡದ ಮೀಟಿಂಗ್ ರೂಮ್ ಹೊಸದು ಮಾಡಿಕೊಡಿ ಅಂತ ಕರೆಯುವವರು ಫಾಲ್ಸ್ ಸೀಲಿಂಗ್, ಗೋಡೆಗೆ ಪ್ಲೈವುಡ್ ಎರಡನ್ನೂ ಮೊದಲೇ ತೀರ್ಮಾನಿಸಿರುತ್ತಾರೆ. ನಾನು ಎರಡೂ ಬೇಡ ಅನ್ನುತ್ತೇನೆ. ರೂಮಿನ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ ಅನ್ನುತ್ತೇನೆ. ಸದ್ದು ಮೇಲೆಲ್ಲೋ ಸುತ್ತುತ್ತಲೇ ಇರುತ್ತದೆ. ಸರಿಮಾಡಬೇಕಾದ್ದು ಅದನ್ನು.

8 ಮೀಟರ್ ಉದ್ದ, 6 ಮೀಟರ್ ಅಗಲ, 5 ಮೀಟರ್ ಎತ್ತರದ ರೂಮ್ ಅಂದರೆ 240 ಘನ ಮೀಟರ್. ಇದನ್ನು 0.16ರಿಂದ ಗುಣಿಸಿ. ರೂಮಿನಲ್ಲಿರುವುದೆಲ್ಲ ಸೇರಿ, ಸದ್ದನ್ನು ಪೂರ್ತಿ ಹೀರುವ ಎಷ್ಟು ಚದರ ಮೀಟರ್ ಜಾಗಕ್ಕೆ ಸಮವೋ ಅದರಿಂದ ಭಾಗಿಸಿ. ಸದ್ದು ಅಡಗಲು ಎಷ್ಟು ಸೆಕೆಂಡ್ ಬೇಕು ಅನ್ನೋದು ಸಿಗುತ್ತದೆ. ಗಾರೆ ಗೋಡೆ, ಕಲ್ಲಿನ ನೆಲ, ಗಾಜು ಹೆಚ್ಚೇನೂ ಹೀರುವುದಿಲ್ಲ. ಹತ್ತು ಜನ ಕೂತರೂ ಎಲ್ಲ ಸೇರಿ ಸುಮಾರು 14 ಚದರ ಮೀಟರಿಗೆ ಸಮ. ಅಂದರೆ ಎರಡೂವರೆ ಸೆಕೆಂಡಿಗಿಂತ ಜಾಸ್ತಿ. ಮಾತು ಬಿಡಿಬಿಡಿಯಾಗಿ ಕೇಳಬೇಕಾದರೆ ಒಂದು ಸೆಕೆಂಡಿನೊಳಗೆ ಇರಬೇಕು.

ಈ ಸೂತ್ರ ಹುಟ್ಟಿದ್ದೂ ಒಂದು ಮ್ಯೂಸಿಯಂನಲ್ಲೇ! 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಫಾಗ್ ಮ್ಯೂಸಿಯಂ ತೆರೆದರು. ಅದರ ಉಪನ್ಯಾಸದ ಹಾಲಿನಲ್ಲಿ ಸದ್ದು ಐದೂವರೆ ಸೆಕೆಂಡ್ ಉಳಿಯುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಮೇಷ್ಟ್ರ ತಲೆಗೆ ಬಂತು. ಅವರು ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಎಂಬ ವಾದ್ಯದ ಕೊಳವೆ ನುಡಿಸಿ, ಸದ್ದು ಅಡಗುವವರೆಗಿನ ಹೊತ್ತು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸ್.

ನಾನು ಮಾಡೋದೂ ಹೆಚ್ಚುಕಮ್ಮಿ ಅದೇ. ನೆಲಕ್ಕೆ ದಪ್ಪ ಕಾರ್ಪೆಟ್, ಕಿಟಕಿಗೆ ನೆರಿಗೆ ತುಂಬಿದ ಭಾರದ ಪರದೆ. ಜೊತೆಗೆ ಬಟ್ಟೆ ಹೊದಿಸಿದ, ಎರಡು ಇಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ಪ್ಯಾನೆಲ್ ಆರು, ಎಂಟಡಿ ಎತ್ತರದವು, ತಮ್ಮ ಕಾಲಿನ ಮೇಲೇ ನಿಲ್ಲುವಂಥವು. ಎಲ್ಲ ಸೇರಿದರೆ 0.8 ಸೆಕೆಂಡಿನ ಹತ್ತಿರ ಬರುತ್ತದೆ. ಗೋಡೆಗೆ ಒಂದು ಮೊಳೆಯೂ ಬೇಕಿಲ್ಲ.

ಪ್ಯಾನೆಲ್ಲನ್ನು ಗೋಡೆಯಿಂದ ನಾಲ್ಕು ಇಂಚು ಈಚೆಗೆ ನಿಲ್ಲಿಸಿ. ಹಿಂದೆ ಗಾಳಿ ಇದ್ದರೆ ದಪ್ಪ ದನಿಯನ್ನೂ ಚೆನ್ನಾಗಿ ಹೀರುತ್ತದೆ. ಗೋಡೆಯ ತೇವವೂ ಆರುತ್ತದೆ. ಸುಣ್ಣದ ಗಾರೆ ಉಸಿರಾಡುವ ಗೋಡೆ. ಅದಕ್ಕೆ ಪ್ಲೈವುಡ್ ಬಡಿದರೆ, ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಕೆಲವು ಮಳೆಗಾಲ ಕಳೆಯಲಿ, ಉಪ್ಪು ಬಿಟ್ಟುಕೊಂಡು ಗಾರೆ ಉದುರುತ್ತದೆ.

ಫಾಲ್ಸ್ ಸೀಲಿಂಗ್ ಬಗ್ಗೆ ನನ್ನ ಸಿಟ್ಟು ಇನ್ನೂ ಜಾಸ್ತಿ. ಬೆಂಗಳೂರು, ಮೈಸೂರಿನ ಹಳೇ ಕಟ್ಟಡಗಳಲ್ಲಿ ಮದ್ರಾಸ್ ಟೆರೇಸ್ ಅನ್ನೋ ಚಾವಣಿ ಸಾಮಾನ್ಯ. ತೇಗದ ತೊಲೆಗಳ ಮೇಲೆ ಸುಣ್ಣದ ಗಾರೆಯಲ್ಲಿ ಓರೆಯಾಗಿ ಜೋಡಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಕಾಂಕ್ರೀಟು. ನೀರು ಸೋರಿದರೆ ಗೋಡೆಯೊಳಗೆ ಕೂತ ತೊಲೆಯ ತುದಿಗೆ ಮೊದಲು ಏಟು. ಗೆದ್ದಲೂ ಅಲ್ಲೇ. ಅದನ್ನು ಬೋರ್ಡಿನಿಂದ ಮುಚ್ಚಿಟ್ಟರೆ ಯಾರಿಗೆ ಕಾಣಬೇಕು? ಆಮೇಲೆ ಆ ಬೋರ್ಡನ್ನು ನೇತುಹಾಕುವುದೂ ಅದೇ ತೊಲೆಗೇ ಅಲ್ವಾ!

ವೈರಿಂಗ್ ಅಂಥ ತಲೆನೋವಲ್ಲ. ಪ್ಲಗ್ಗುಗಳನ್ನು ಟೇಬಲ್ಲಿನಲ್ಲೇ ಕೊಡಿ, ಟಿವಿಯನ್ನು ಸ್ಟ್ಯಾಂಡಿನ ಮೇಲಿಡಿ.

ಜಗಳ ಆಗೋದು ಏಸಿಗೆ. ಪೈಪಿಗೋಸ್ಕರ ಗೋಡೆ ಕೊರೆಯೋಕೆ ಮೆಕ್ಯಾನಿಕ್ ಡ್ರಿಲ್ ಹಿಡಿದೇ ಬಂದಿರುತ್ತಾನೆ. ಬಿಡಬೇಡಿ. ಕಿಟಕಿಯ ಒಂದು ಗಾಜು ತೆಗೆಸಿ, ಆ ಜಾಗಕ್ಕೆ ಮರದ ಹಲಗೆ ಕೂರಿಸಿ, ಪೈಪನ್ನು ಅದರಲ್ಲಿ ಹಾಯಿಸಲಿ. ತೆಗೆದ ಗಾಜನ್ನು ಯಾವ ಕಿಟಕಿಯದು ಅಂತ ಚೀಟಿ ಅಂಟಿಸಿ ಸ್ಟೋರಿನಲ್ಲಿಡಿ. ಹಳೇ ಗಾಜು ಮತ್ತೆ ಸಿಗೋದಿಲ್ಲ.