ಮಾರ್ಫಿನ್ ಮಾತ್ರೆ ನಾಲಿಗೆ ಕೆಳಗಿಟ್ಟರೆ ನೋವು ಬೇಗ ಇಳಿಯುತ್ತದೆಯೇ?

ಗುಬ್ಬಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮತ್ತೆಗೆ ಗಂಟಲು ಕ್ಯಾನ್ಸರ್. ಮಾರ್ಫಿನ್ ಮಾತ್ರೆ ನುಂಗೋಕೆ ಒದ್ದಾಡ್ತಾರೆ. ಎದೆನೋವಿನ ಮಾತ್ರೆ ಇಟ್ಕೊಳ್ಳೋ ಹಾಗೆ ಇದನ್ನೂ ನಾಲಿಗೆ ಕೆಳಗಿಟ್ಟರೆ ಬೇಗ ಕೆಲಸ ಮಾಡಲ್ವಾ?"

ಇಲ್ಲಮ್ಮ, ಮಾಡುವುದಿಲ್ಲ. ಕ್ಯಾನ್ಸರ್ ರೋಗಿಗಳ ಆರೈಕೆಗೆ ತುಮಕೂರು ಸುತ್ತಮುತ್ತಲ ಮನೆಗಳಿಗೆ ಹೋಗುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ನಿಮ್ಮ ಯೋಚನೆ ತಪ್ಪಲ್ಲ, ಔಷಧಿ ಅದಕ್ಕೆ ಹೊಂದುವುದಿಲ್ಲ ಅಷ್ಟೆ.

ನುಂಗಿದ ಔಷಧಿ ಕರುಳಿನಿಂದ ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಮಾರ್ಫಿನ್ನಿನ ಬಹುಪಾಲು ಅಲ್ಲೇ ಕರಗಿ, ರಕ್ತಕ್ಕೆ ಸಿಗುವುದು ಸುಮಾರು ಮೂರರಲ್ಲಿ ಒಂದು ಪಾಲು. ವೈದ್ಯರು ಇದನ್ನು ಲೆಕ್ಕ ಹಾಕಿಯೇ ಪ್ರಮಾಣ ಬರೆದಿರುತ್ತಾರೆ. ಬಾಯಿಯ ರಕ್ತನಾಳಗಳ ದಾರಿ ಬೇರೆ: ಕತ್ತಿನ ಮೂಲಕ ಸೀದಾ ಹೃದಯಕ್ಕೆ. ನಾಲಿಗೆ ಕೆಳಗಿನ ಪದರವಂತೂ ಒಂದೆರಡು ಕೂದಲೆಳೆಯಷ್ಟು ತೆಳು.

ತೆಳುವಾದರೂ ಅದು ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ಅದರ ಜೀವಕೋಶಗಳ ಹೊದಿಕೆ ಜಿಡ್ಡಿನದು, ಜಿಡ್ಡಿನಲ್ಲಿ ಬೆರೆಯುವ ಔಷಧಿಯೇ ಸಲೀಸಾಗಿ ದಾಟುತ್ತದೆ. ಫೆಂಟನಿಲ್, ಬುಪ್ರೆನಾರ್ಫಿನ್ ಎಂಬ ನೋವಿನ ಔಷಧಿಗಳು ಅಂಥವು. ಮಾರ್ಫಿನ್ ನೀರಿನ ಕಡೆಯದು. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಔಷಧಿಗಳನ್ನು ನಾಲಿಗೆ ಕೆಳಗೆ 10 ನಿಮಿಷ ಇಟ್ಟು ನೋಡಿದರು. ಬುಪ್ರೆನಾರ್ಫಿನ್ ಶೇ. 55, ಫೆಂಟನಿಲ್ ಶೇ. 51 ಹೀರಿಕೊಂಡಿತು, ಮಾರ್ಫಿನ್ ಬರೀ ಶೇ. 18. ಮೆಥಡೋನ್ ಎಂಬ ಇನ್ನೊಂದು ನೋವಿನ ಔಷಧಿ ಶೇ. 34 ಇದ್ದದ್ದು, ದ್ರಾವಣವನ್ನು ಕ್ಷಾರ (ಹುಳಿಗೆ ವಿರುದ್ಧ ಗುಣದ್ದು) ಮಾಡಿದಾಗ ಶೇ. 75ಕ್ಕೆ ಏರಿತು.

ಕ್ಷಾರ ಅಂದರೆ ನನಗೆ ನಮ್ಮಜ್ಜಿಯ ಎಲೆಅಡಿಕೆ ಸಂಚಿ ನೆನಪಾಗುತ್ತದೆ. ತೋರುಬೆರಳ ತುದಿಯಲ್ಲಿ ಸುಣ್ಣ ತೆಗೆದು ವೀಳ್ಯದೆಲೆಯ ಬೆನ್ನಿಗೆ ಸವರಿ, ಮೇಲೆ ಒಂದೆಸಳು ಹೊಗೆಸೊಪ್ಪು ಇಟ್ಟು ಮಡಿಚುತ್ತಿದ್ದಳು. "ಸುಣ್ಣ ಕಮ್ಮಿಯಾದ್ರೆ ಸೊಪ್ಪು ಏರಲ್ಲ" ಅನ್ನೋಳು. ಅಜ್ಜಿ ಹೇಳಿದ್ದು ನಿಜ. ಸುಣ್ಣದಿಂದ ಜೊಲ್ಲು ಕ್ಷಾರವಾದಾಗ ನಿಕೋಟಿನ್ ಜಿಡ್ಡಿನಲ್ಲಿ ಬೆರೆಯುವ ರೂಪಕ್ಕೆ ತಿರುಗಿ ಕೆನ್ನೆಯೊಳಗಿಂದ ಬೇಗ ರಕ್ತ ಸೇರುತ್ತದೆ. ಈ ನೋವಿನ ಔಷಧಿಗಳಿಗೂ ಅದೇ ನಿಯಮ. ಹಾಗೆಂದು ಮಾತ್ರೆಗೆ ಸುಣ್ಣ ಸೇರಿಸಲು ಹೋಗಬೇಡಿ, ಬಾಯಿ ಬೆಂದುಹೋಗುತ್ತದೆ. ನಾನು ಆರೈಕೆ ಮಾಡುವ ಎಷ್ಟೋ ಜನರ ಬಾಯಿಹುಣ್ಣು ಶುರುವಾದದ್ದೇ ಆ ಸಂಚಿಯಿಂದ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ.

ನಾಲಿಗೆ ಕೆಳಗಿಡಲೆಂದೇ ಮಾಡಿದ ಬುಪ್ರೆನಾರ್ಫಿನ್ ಮಾತ್ರೆ ನಮ್ಮಲ್ಲಿ ಸಿಗುತ್ತದೆ. ಅದನ್ನು ನುಂಗಿದರೆ ಬಹುಪಾಲು ವ್ಯರ್ಥ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರಿನಲ್ಲಿ ಒದ್ದೆ ಮಾಡಿಸಿ. ಕಾಫಿ, ನಿಂಬೆ ಪಾನಕ ಆಗತಾನೆ ಕುಡಿದಿದ್ದರೆ ಜೊಲ್ಲು ಹುಳಿಯಾಗಿ ಔಷಧಿ ಸರಿಯಾಗಿ ಹೀರುವುದಿಲ್ಲ. ಕರಗುವವರೆಗೂ ಮಾತಾಡಿಸಬೇಡಿ, ಜೊಲ್ಲು ನುಂಗಲು ಬಿಡಬೇಡಿ. ಹೀಗೆ ಕೂರಿಸುವುದೇ ಕಷ್ಟ. ಮನೆಗೆ ಬಂದವರೆಲ್ಲ "ಹೆಂಗಿದೀರಾ ಅಜ್ಜಿ" ಅಂತ ಮಾತಿಗೆಳೆಯುತ್ತಾರೆ! ಕರಗಿದ ಮೇಲೆ ನೀರಿನಲ್ಲಿ ಮುಕ್ಕಳಿಸಿ, ಹಲ್ಲುಜ್ಜುವುದಕ್ಕೆ ಒಂದು ಗಂಟೆ ಬಿಡಿ, ಇಲ್ಲವಾದರೆ ಹಲ್ಲಿಗೆ ತೊಂದರೆ.

ಫೆಂಟನಿಲ್ಲಿಗೆ ಅಮೆರಿಕದಲ್ಲಿ ಕಡ್ಡಿಗೆ ಅಂಟಿಸಿದ, ಕೆನ್ನೆಗೆ ಒತ್ತಿ ಉಜ್ಜುವ ಮಿಠಾಯಿಯಂಥ ರೂಪವೂ ಬಂತು. ಅದರಲ್ಲೂ ಕೆನ್ನೆಯಿಂದ ನೇರ ರಕ್ತಕ್ಕೆ ಹೋಗುವುದು ಕಾಲು ಭಾಗವಷ್ಟೇ, ಉಳಿದದ್ದು ಜೊಲ್ಲಿನ ಜೊತೆ ಹೊಟ್ಟೆ ಸೇರುತ್ತದೆ.

ಆದರೆ ಅತ್ತೆಗೆ ನೀವಾಗಿಯೇ ಔಷಧಿ ಬದಲಿಸಬೇಡಿ. ಮಾರ್ಫಿನ್ ನಡೆಯುತ್ತಿರುವಾಗ ಬುಪ್ರೆನಾರ್ಫಿನ್ ಕೊಟ್ಟರೆ ಮಾರ್ಫಿನ್ನಿನ ಕೆಲಸ ತಟ್ಟನೆ ನಿಂತು, ಬೆವರು, ವಾಂತಿ, ನೋವು ಒಟ್ಟಿಗೇ ಬರಬಹುದು. ಈಗಿನ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೆಸರಿನ ಪಕ್ಕ 'ಎಸ್‌ಆರ್' ಎಂದಿದ್ದರೆ ಅದು ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. ಕುಟ್ಟಿ ಪುಡಿ ಮಾಡಿದರೆ ಹಲವು ಗಂಟೆಗಳದ್ದು ಒಮ್ಮೆಗೇ ಏರಿ ಉಸಿರು ನಿಧಾನವಾಗುವ ಅಪಾಯವಿದೆ. ಮಾರ್ಫಿನ್ ದ್ರವ, ಚರ್ಮಕ್ಕಂಟಿಸುವ ಫೆಂಟನಿಲ್ ಪಟ್ಟಿ, ಚರ್ಮದಡಿ ಚುಚ್ಚುವ ಸೂಜಿಮದ್ದು, ದಾರಿ ಹಲವಿವೆ. ನಾಳೆ ಬೆಳಿಗ್ಗೆಯೇ ಔಷಧಿ ಬರೆದ ವೈದ್ಯರಿಗೆ ಫೋನ್ ಮಾಡಿ, "ನುಂಗೋಕಾಗ್ತಿಲ್ಲ" ಎಂಬುದನ್ನೇ ಮೊದಲು ಹೇಳಿ.