ಸ್ಕ್ಯಾನ್ ರಿಪೋರ್ಟಿನ ಲೀಟರ್ ಲೆಕ್ಕ

"ಡಾಕ್ಟ್ರೇ, ಹೋದ ವರ್ಷ 4.9 ಲೀಟರ್ ಇತ್ತು, ಈಗ 4.2 ಆಗಿದೆ. ಶ್ವಾಸಕೋಶ ಕುಗ್ತಾ ಇದೆ ಅಲ್ವಾ?" ಎರಡು ಸಿಟಿ ಸ್ಕ್ಯಾನ್ ರಿಪೋರ್ಟ್ ಹಿಡಿದು ಹೀಗೆ ಕೇಳುವವರು ಈಗ ಜಾಸ್ತಿ. ನನ್ನ ಬಳಿ ಬರುವ ಹೊತ್ತಿಗೆ ಮನೆಮಂದಿಯೆಲ್ಲ ನಿದ್ದೆಗೆಟ್ಟಿರುತ್ತಾರೆ.

ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಚಿತ್ರ ತೆಗೆದ ಆ ಕೆಲವು ಸೆಕೆಂಡು ಒಳಗೆ ಎಷ್ಟು ಗಾಳಿ ಇತ್ತೋ, ಆ ಲೀಟರ್ ಅಷ್ಟನ್ನೇ ಹೇಳುತ್ತದೆ. ಸ್ಕ್ಯಾನಿನಲ್ಲಿ ನೀರಿನ ಸಾಂದ್ರತೆಗೆ 0, ಗಾಳಿಗೆ ಮೈನಸ್ 1000 ಎಂದು ಅಂಕಿ ಇರುತ್ತದೆ. ಚಿತ್ರದ ಒಂದೊಂದು ಚುಕ್ಕಿಯ ಅಂಕಿ ನೋಡಿ ಕಂಪ್ಯೂಟರ್ ಗಾಳಿಯನ್ನು ಕೂಡಿಸುತ್ತದೆ. ಕೂಡಿಸುವುದು ಸರಿಯಾಗೇ ಇರುತ್ತದೆ. ಆದರೆ ನೀವು ಉಸಿರನ್ನು ಪೂರ್ತಿ ಎಳೆದಿರೋ, ಅರ್ಧ ಎಳೆದಿರೋ ಅದಕ್ಕೆ ಗೊತ್ತಿಲ್ಲ. ವಯಸ್ಕ ಗಂಡಸಿನ ಶ್ವಾಸಕೋಶ ಪೂರ್ತಿ ತುಂಬಿದಾಗ ಸುಮಾರು 6 ಲೀಟರ್. ಸುಮ್ನೆ ಉಸಿರು ಬಿಟ್ಟಾಗ ಹೆಚ್ಚುಕಡಿಮೆ ಅದರ ಅರ್ಧ. ಶ್ವಾಸಕೋಶ ಅದೇ, ದಿನವೂ ಅದೇ! ಜೊತೆಗೆ ಸ್ಕ್ಯಾನಿಗೆ ಮಲಗಿರುತ್ತೀರಿ, ಹೊಟ್ಟೆಯು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ಒತ್ತುತ್ತದೆ. ಹಾಗಾಗಿ ಕೂತು ಮಾಡಿಸಿದ ಶ್ವಾಸಕೋಶದ ಪರೀಕ್ಷೆಯ ಅಂಕಿಯ ಜೊತೆಗೂ ಇದನ್ನು ತಾಳೆ ಹಾಕಬೇಡಿ.

ಮಾಮೂಲಿ ಎಕ್ಸ್-ರೇಯೂ ಅಷ್ಟೇ. ವಪೆಯ ಮೇಲೆ ಬೆನ್ನಿನ ಕಡೆಯ ಒಂಬತ್ತು ಹತ್ತು ಪಕ್ಕೆಲುಬು ಕಂಡರೆ ಉಸಿರು ಚೆನ್ನಾಗಿ ಎಳೆದಿದ್ದಾರೆ ಅಂತ ಲೆಕ್ಕ. ಅರ್ಧ ಉಸಿರಿನಲ್ಲಿ ತೆಗೆದರೆ ಹೃದಯ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಬುಡ ಬೆಳ್ಳಗಾಗುತ್ತದೆ.

ಒಬ್ಬ ಅಜ್ಜಿಯ ಅಂಕಿ ಒಂದು ಲೀಟರಿಗೂ ಹೆಚ್ಚು ಇಳಿದಿತ್ತು. ಮಗ ಕಣ್ಣೀರು ಹಾಕುತ್ತಿದ್ದರು. ಚಿತ್ರ ತೆರೆದು ನೋಡಿದೆ. ಶ್ವಾಸನಾಳದ ಹಿಂಬದಿಯ ಗೋಡೆ ಒಳಕ್ಕೆ ಬಾಗಿತ್ತು. ಉಸಿರು ಬಿಟ್ಟಾಗ ಅದು ಹಾಗಾಗುತ್ತದೆ. ಕೇಳಿದರೆ ಅಜ್ಜಿ, "ಆ ಮಿಷನ್ನು ಹಿಂದೀಲಿ ಏನೋ ಅಂತು ಕಣಪ್ಪ, ನಂಗೇನು ತಿಳೀತದೆ" ಅಂದರು. ಊದುವ ಪರೀಕ್ಷೆಯಲ್ಲಿ ಅವರ ಅಂಕಿ ಮೊದಲಿನಷ್ಟೇ ಇತ್ತು. ಟೆಕ್ನೀಷಿಯನ್‌ಗಳೇ, ರೆಕಾರ್ಡ್ ಮಾಡಿದ ದನಿಯನ್ನೇ ನಂಬಬೇಡಿ. "ಉಸಿರು ಪೂರ್ತಿ ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ಅವರ ಭಾಷೆಯಲ್ಲೇ ಹೇಳಿ, ಒಂದೆರಡು ಸಲ ಮಾಡಿಸಿ ನೋಡಿ.

ಹಾಗಂತ ಅಂಕಿ ಇಳಿದರೆ ಕಡೆಗಣಿಸಿ ಎನ್ನುತ್ತಿಲ್ಲ. ಶ್ವಾಸಕೋಶ ನಾರುಗಟ್ಟುವ ಕಾಯಿಲೆಯಲ್ಲಿ ಅದು ನಿಜಕ್ಕೂ ಕುಗ್ಗುತ್ತದೆ. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಏದುಸಿರು ಬರುತ್ತಿದ್ದರೆ ತಡಮಾಡದೆ ಬನ್ನಿ. ಆದರೆ ಬರೀ ಅಂಕಿಗೋಸ್ಕರ ಮತ್ತೆ ಸಿಟಿ ಮಾಡಿಸಿ ಎಂದು ಹಟ ಹಿಡಿಯಬೇಡಿ. ಎಕ್ಸ್-ರೇಗಿಂತ ಅದರ ವಿಕಿರಣ ಹತ್ತಾರು ಪಟ್ಟು ಜಾಸ್ತಿ. ಬರುವಾಗ ರಿಪೋರ್ಟಿನ ಹಾಳೆಯ ಜೊತೆ ಎರಡೂ ಸ್ಕ್ಯಾನಿನ ಸಿಡಿ ತನ್ನಿ. ಉಸಿರು ಎಷ್ಟು ಎಳೆದಿದ್ದಿರಿ ಅನ್ನೋದನ್ನು ಚಿತ್ರದಲ್ಲೇ ನೋಡೋಣ.