ಹಗುರ ಲೋಷನ್: ನೀರು ಆರಿದ ಮೇಲೆ ಚರ್ಮದ ಮೇಲೆ ಉಳಿಯುವುದೇನು?

ಬಾಟಲಿಯ ಮೇಲೆ ‘ಲೈಟ್‌ವೇಟ್’, ‘ನಾನ್-ಗ್ರೀಸಿ’ ಎಂದು ದೊಡ್ಡದಾಗಿ ಬರೆದಿರುತ್ತದೆ. ಇಷ್ಟು ಎಣ್ಣೆಯಂಶ ಇದ್ದರೆ ಮಾತ್ರ ಹಾಗೆ ಬರೆಯಬಹುದು ಎಂಬ ಕಟ್ಟುಪಾಡು ಏನೂ ಇಲ್ಲ. ಆದರೆ ಲೋಷನ್ ತಯಾರಿಸುವವರ ಮಟ್ಟಿಗೆ ಈ ಮಾತಿನ ಅರ್ಥ ಸ್ಪಷ್ಟ: ಎಣ್ಣೆಯ ಸಣ್ಣ ಸಣ್ಣ ಹನಿಗಳು ನೀರಿನಲ್ಲಿ ಹರಡಿಕೊಂಡಿರುವ, ನೀರಿನ ಪಾಲು ಜಾಸ್ತಿ ಇರುವ ಮಿಶ್ರಣ. 100 ಗ್ರಾಂ ಹಗುರ ಲೋಷನ್‌ನಲ್ಲಿ ಸಾಮಾನ್ಯವಾಗಿ 70ರಿಂದ 85 ಗ್ರಾಂ ನೀರೇ ಇರುತ್ತದೆ. ಹಚ್ಚಿದ ಹತ್ತು ನಿಮಿಷದೊಳಗೆ ಅದರ ಬಹುಪಾಲು ಆರಿಹೋಗುತ್ತದೆ. ‘ಚರ್ಮ ಹೀರಿಕೊಂಡಿತು’ ಎಂದು ನಮಗೆ ಅನ್ನಿಸುವುದರಲ್ಲಿ ದೊಡ್ಡ ಪಾಲು ಹೀಗೆ ಗಾಳಿಗೆ ಹೋದ ನೀರಿನದು. ಮಿಕ್ಕ 15–30 ಗ್ರಾಂನಲ್ಲಿ ಏನಿದೆ ಎಂಬುದರ ಮೇಲೆ ಒಣ ಚರ್ಮದ ಪಾಡು ನಿಂತಿದೆ. ಆದ್ದರಿಂದ ಲೋಷನ್ ಆರಿಸುವಾಗ ಅದು ಎಷ್ಟು ಬೇಗ ಮಾಯವಾಗುತ್ತದೆ ಎಂದು ನೋಡುವುದಕ್ಕಿಂತ, ಮಾಯವಾದ ಮೇಲೆ ಏನು ಉಳಿಯುತ್ತದೆ ಎಂದು ನೋಡಬೇಕು.

ಚರ್ಮದ ಅತ್ಯಂತ ಹೊರಗಿನ ಪದರ ಮೈಯ ಬಹುತೇಕ ಕಡೆ ಬರೀ 10ರಿಂದ 20 ಮೈಕ್ರಾನ್ ದಪ್ಪ, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು. ಅದರಲ್ಲಿರುವುದು ಸತ್ತು ಚಪ್ಪಟೆಯಾದ ಜೀವಕೋಶಗಳು. ಅವುಗಳ ನಡುವಿನ ಸಂದನ್ನು ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ತುಂಬಿರುತ್ತವೆ. ಕೋಶಗಳ ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಅಮೈನೊ ಆಮ್ಲ, ಯೂರಿಯಾ, ಲ್ಯಾಕ್ಟಿಕ್ ಆಮ್ಲದಂಥ ವಸ್ತುಗಳಿರುತ್ತವೆ. ಸಂದಿನ ಕೊಬ್ಬು ಕರಗಿದರೆ ಒಳಗಿನ ನೀರು ಹೊರಗೆ ಹೋಗುತ್ತದೆ. ಒಳಗಿನ ವಸ್ತುಗಳು ಕಡಿಮೆಯಾದರೆ ಇರುವ ನೀರೂ ನಿಲ್ಲುವುದಿಲ್ಲ. ಆಗ ಚರ್ಮ ಬಿಗಿಯುತ್ತದೆ, ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ, ಹೊಟ್ಟು ಏಳುತ್ತದೆ. ಕಣಕಾಲಿನಲ್ಲಿ ಎಣ್ಣೆಗ್ರಂಥಿಗಳು ಕಡಿಮೆ, ಹಾಗಾಗಿ ಮೊದಲು ಒಣಗುವುದು ಅಲ್ಲೇ. ಕೆಲವರಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ. ನೀರು ಹಿಡಿಯುವ ಆ ವಸ್ತುಗಳಲ್ಲಿ ಹಲವು ಫಿಲಾಗ್ರಿನ್ ಎಂಬ ಪ್ರೋಟೀನಿನಿಂದ ಬರುತ್ತವೆ. ಅದರ ಜೀನಿನಲ್ಲಿ ದೋಷವಿದ್ದವರಲ್ಲಿ ಒಣ ಚರ್ಮ, ಎಕ್ಸಿಮಾ (ಇಸುಬು) ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು.

‘ಸೂಕ್ಷ್ಮ ಚರ್ಮ’ ಎನ್ನುವುದಕ್ಕೆ ಚರ್ಮತಜ್ಞರು 2017ರಲ್ಲಿ ಒಂದು ಒಪ್ಪಿತ ವಿವರಣೆ ಕೊಟ್ಟರು: ಬೇರೆಯವರಿಗೆ ಏನೂ ಮಾಡದ ಸಂಗತಿಗಳಿಂದ ಉರಿ, ಚುರುಚುರು, ನವೆ, ನೋವು ಆಗುವ ಸ್ಥಿತಿ. ಕಣ್ಣಿಗೆ ಕೆಂಪು ಕಾಣಿಸಲೇಬೇಕೆಂದಿಲ್ಲ. ಒಣತನ ಮತ್ತು ಸೂಕ್ಷ್ಮತೆ ಜೊತೆಯಾಗಿ ಬರುವುದಕ್ಕೆ ಕಾರಣವಿದೆ. ನೀರು ಹೊರಗೆ ಸೋರುವ ಸಂದಿನಲ್ಲೇ ಸೋಪು, ಸುಗಂಧ, ಲೋಷನ್ ಕೆಡದಂತೆ ಹಾಕುವ ಸಂರಕ್ಷಕಗಳು ಒಳಗೆ ನುಸುಳುತ್ತವೆ.

ಒಣ ಚರ್ಮಕ್ಕೆ ದಪ್ಪನೆಯ ಕ್ರೀಮೇ ಆಗಬೇಕು ಎಂಬ ಮಾತಿದೆ. ಅದು ಅರ್ಧ ಮಾತ್ರ ನಿಜ. ಜಿಡ್ಡಾಗುತ್ತದೆ, ಬಟ್ಟೆಗೆ ಅಂಟುತ್ತದೆ ಎಂದು ವಾರಕ್ಕೆರಡು ಸಲ ಹಚ್ಚಿ ಬಿಡುವ ಕ್ರೀಮಿಗಿಂತ, ದಿನವೂ ಮೈಗೆಲ್ಲ ಹಚ್ಚಿಕೊಳ್ಳುವ ಹಗುರ ಲೋಷನ್ ಖಂಡಿತ ಮೇಲು. ಆದರೆ ಅದು ಮೂರು ಕೆಲಸ ಮಾಡುವಂತಿರಬೇಕು.

ಮೊದಲನೆಯದು ನೀರನ್ನು ಹಿಡಿಯುವುದು. ಇದಕ್ಕೆ ಗ್ಲಿಸರಿನ್‌ನಷ್ಟು ಅಗ್ಗದ, ನಂಬಬಹುದಾದ ವಸ್ತು ಇನ್ನೊಂದಿಲ್ಲ. 5ರಿಂದ 10 ಶೇಕಡಾ ಇದ್ದರೆ ಒಳ್ಳೆಯ ಪ್ರಮಾಣ. ಅದಕ್ಕಿಂತ ತುಂಬ ಹೆಚ್ಚಾದರೆ, ಅದರಲ್ಲೂ ಮಂಗಳೂರು, ಉಡುಪಿಯ ಸೆಕೆಯಲ್ಲಿ, ಮೈ ಅಂಟಂಟಾಗುತ್ತದೆ. ಯೂರಿಯಾ ಇನ್ನೊಂದು ಒಳ್ಳೆಯ ವಸ್ತು. 5 ಶೇಕಡಾದಷ್ಟು ಇದ್ದರೆ ತೇವ ಹಿಡಿಯುತ್ತದೆ, 10ರ ಆಸುಪಾಸಿನಲ್ಲಿ ಹೊಟ್ಟನ್ನೂ ಸಡಿಲಿಸುತ್ತದೆ, 20 ದಾಟಿದರೆ ಗಟ್ಟಿ ಚರ್ಮವನ್ನು ಕರಗಿಸುವ ಔಷಧಿಯಂತೆ ವರ್ತಿಸುತ್ತದೆ. ಬಿರುಕು ಬಿಟ್ಟ, ಕೆರೆದು ಗಾಯವಾದ ಜಾಗದಲ್ಲಿ ಯೂರಿಯಾ ಉರಿಯುತ್ತದೆ. ಸೂಕ್ಷ್ಮ ಚರ್ಮದವರು ಗ್ಲಿಸರಿನ್ ಲೋಷನ್‌ನಿಂದ ಆರಂಭಿಸಿ, ಬಿರುಕು ಕೂಡಿದ ಮೇಲೆ ಯೂರಿಯಾಕ್ಕೆ ಹೋಗುವುದು ಒಳ್ಳೆಯದು.

ಎರಡನೆಯದು ಎದ್ದ ಹೊಟ್ಟನ್ನು ಕೂರಿಸಿ ನಯ ಮಾಡುವುದು. ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸ್ಕ್ವಾಲೇನ್‌ನಂಥ ತೆಳು ಎಣ್ಣೆಗಳು ಈ ಕೆಲಸಕ್ಕೆ.

ಮೂರನೆಯದು ಮುಚ್ಚುವುದು. ಹಗುರ ಲೋಷನ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ನೀರು, ಗ್ಲಿಸರಿನ್, ದಪ್ಪ ಬರಿಸುವ ಅಂಟು, ಒಂದಿಷ್ಟು ಪರಿಮಳ ಇಷ್ಟೇ ಇರುವ ಲೋಷನ್ ಹಚ್ಚಿದಾಗ ತಂಪು, ಗಂಟೆ ಕಳೆದರೆ ಮತ್ತೆ ಬಿಗಿತ. ಮುಚ್ಚುವ ವಸ್ತುಗಳಲ್ಲಿ ಜಿಡ್ಡಿಲ್ಲದ್ದು ಡೈಮೆಥಿಕೋನ್ ಎಂಬ ಸಿಲಿಕೋನ್. ಅಮೆರಿಕದ ಔಷಧ ನಿಯಮಗಳಲ್ಲಿ 1ರಿಂದ 30 ಶೇಕಡಾ ಇದ್ದರೆ ಚರ್ಮರಕ್ಷಕ ಎಂದು ಅದಕ್ಕೆ ಮಾನ್ಯತೆ ಇದೆ. ಪೆಟ್ರೋಲೇಟಮ್, ಅಂದರೆ ವ್ಯಾಸಲಿನ್‌ನ ಮೂಲವಸ್ತು, ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ರಾಬರ್ಟ್ ಚೀಸ್‌ಬ್ರೋ ಅದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ. ಇಷ್ಟು ವರ್ಷ ಬಳಕೆಯಲ್ಲಿದ್ದರೂ ಶುದ್ಧೀಕರಿಸಿದ ಪೆಟ್ರೋಲೇಟಮ್ ಅಲರ್ಜಿ ಉಂಟುಮಾಡಿದ್ದು ತೀರ ಅಪರೂಪ. ಲೇಬಲ್ಲಿನಲ್ಲಿ ಆ ಹೆಸರು ಕಂಡಕೂಡಲೇ ‘ಕೆಮಿಕಲ್’ ಎಂದು ಬಾಟಲಿ ವಾಪಸ್ಸಿಡುವವರು ಸೂಕ್ಷ್ಮ ಚರ್ಮಕ್ಕೆ ಒಗ್ಗುವ ವಸ್ತುವನ್ನೇ ಬಿಟ್ಟು ಬರುತ್ತಿದ್ದಾರೆ. ಲೋಷನ್‌ನಲ್ಲಿ ಕೆಲವೇ ಶೇಕಡಾ ಇದ್ದಾಗ ಅದರ ಜಿಡ್ಡು ಕೈಗೆ ಅಷ್ಟಾಗಿ ಗೊತ್ತೂ ಆಗುವುದಿಲ್ಲ.

ಕೈಗೆ ದಪ್ಪವಾಗಿ ಸಿಕ್ಕಿತು ಎಂದರೆ ಎಣ್ಣೆ ಜಾಸ್ತಿ ಇದೆ ಎಂದಲ್ಲ. ಕಾರ್ಬೊಮರ್ ಎಂಬ ಅಂಟನ್ನು ಅರ್ಧ ಶೇಕಡಾದಷ್ಟು ಹಾಕಿದರೂ ನೀರು ಜೆಲ್‌ನಂತೆ ನಿಲ್ಲುತ್ತದೆ. ಅಂಗೈಯಲ್ಲಿ ಸ್ವಲ್ಪ ಲೋಷನ್ ಹಾಕಿ, ಮೇಲೆ ಚಿಟಿಕೆ ಪುಡಿಯುಪ್ಪು ಉದುರಿಸಿ ಬೆರಳಿನಿಂದ ಕಲಸಿ ನೋಡಿ. ದಪ್ಪವೆಲ್ಲ ಇಳಿದು ನೀರಾಗಿ ಹರಿದರೆ ಅದು ಹೆಚ್ಚಾಗಿ ಈ ಬಗೆಯ ಅಂಟಿನ ದಪ್ಪ. ಬೆವರಿನಲ್ಲಿಯೂ ಉಪ್ಪಿರುವುದರಿಂದ ಬೆವರಿದ ಮೈಮೇಲೆ ಇಂಥ ಲೋಷನ್ ಹೀಗೆಯೇ ಒಡೆದು ಜಾರುತ್ತದೆ. ಇದರಿಂದ ಹಾನಿಯೇನಿಲ್ಲ. ಆದರೆ ಕೈಗೆ ಸಿಕ್ಕ ದಪ್ಪವನ್ನೇ ಪೋಷಣೆ ಎಂದುಕೊಳ್ಳಬೇಡಿ.

ಲೇಬಲ್ ಓದುವ ವಿಷಯಕ್ಕೆ ಬರೋಣ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ. 1 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹಾಕಬಹುದು. ಇಲ್ಲಿ ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕ ಒಂದು ಗಡಿಗಲ್ಲಾಗಿ ಒದಗುತ್ತದೆ, ಏಕೆಂದರೆ ಅದರ ಗರಿಷ್ಠ ಮಿತಿಯೇ 1 ಶೇಕಡಾ. ಅದರ ನಂತರ ಬರುವ ಬಾದಾಮಿ ಎಣ್ಣೆ, ಶಿಯಾ ಬಟರ್, ಕೇಸರಿ, ಲೋಳೆಸರ ಎಲ್ಲವೂ 1 ಶೇಕಡಾ ಮೀರುವುದಿಲ್ಲ, ಮುಂದುಗಡೆ ಚಿತ್ರ ಎಷ್ಟೇ ದೊಡ್ಡದಿರಲಿ. ಸೆರಮೈಡ್ ಕೊನೆಯಲ್ಲಿದ್ದರೆ ಗಾಬರಿ ಬೇಡ, ಅದನ್ನು ಹಾಕುವುದೇ ಅಷ್ಟು ಕಡಿಮೆ. ಅದರ ಜೊತೆಗೆ ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳೂ ಇವೆಯೇ ಎಂದು ನೋಡಿ. ಗ್ಲಿಸರಿನ್ ಮಾತ್ರ ನೀರಿನ ನಂತರ ಎರಡನೆಯ ಅಥವಾ ಮೂರನೆಯ ಹೆಸರಾಗಿ ಬರಬೇಕು.

‘ಆಲ್ಕೋಹಾಲ್’ ಎಂದು ಕಂಡರೆ ಪೂರ್ತಿ ಹೆಸರು ಓದಿ. ಸೀಟೈಲ್, ಸ್ಟಿಯರೈಲ್, ಸೀಟಿಯರೈಲ್ ಆಲ್ಕೋಹಾಲ್‌ಗಳು ಮೇಣದಂಥ ವಸ್ತುಗಳು, ಚರ್ಮವನ್ನು ಒಣಗಿಸುವುದಿಲ್ಲ. ಬರೀ ‘ಆಲ್ಕೋಹಾಲ್’ ಅಥವಾ ‘ಆಲ್ಕೋಹಾಲ್ ಡಿನ್ಯಾಟ್’ ಎಂದು ಮೊದಲ ಐದಾರು ಹೆಸರುಗಳಲ್ಲಿ ಬಂದಿದ್ದರೆ ಬೇಗ ಆರಲಿ ಎಂದು ಸ್ಪಿರಿಟ್ ಹಾಕಿದ್ದಾರೆ ಎಂದರ್ಥ. ಒಣ, ಸೂಕ್ಷ್ಮ ಚರ್ಮಕ್ಕೆ ಅದು ಬೇಡ.

ಸುಗಂಧದ ವಿಚಾರದಲ್ಲಿ ರಾಜಿ ಬೇಡ ಎಂದೇ ನಮ್ಮ ಸಲಹೆ. ‘ಅನ್‌ಸೆಂಟೆಡ್’ ಎಂದಿದ್ದರೆ ವಾಸನೆ ಬಾರದಂತೆ ಮರೆಮಾಚುವ ಸುಗಂಧ ಹಾಕಿರಬಹುದು. ಬೇಕಾದದ್ದು ‘ಫ್ರಾಗ್ರೆನ್ಸ್-ಫ್ರೀ’. ಆಗಲೂ ಹಿಂಬದಿಯ ಪಟ್ಟಿಯಲ್ಲಿ ‘ಪರ್ಫ್ಯೂಮ್’, ಲ್ಯಾವೆಂಡರ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಅದು ಸೌಮ್ಯವಾಗುವುದಿಲ್ಲ. ಲಿನಲೂಲ್, ಲಿಮೋನಿನ್ ಎಂಬ ಪರಿಮಳದ ಅಂಶಗಳು ಗಾಳಿಗೆ ತೆರೆದುಕೊಂಡಂತೆ ಮಾರ್ಪಟ್ಟು ಅಲರ್ಜಿಕಾರಕಗಳಾಗುತ್ತವೆ. ಆದ್ದರಿಂದ ಹಳೆಯ ಬಾಟಲಿ ಹೊಸದಕ್ಕಿಂತ ಹೆಚ್ಚು ಕಾಡಬಹುದು. ಮೀಥೈಲ್‌ಐಸೊಥಯಜೋಲಿನೋನ್ ಎಂಬ ಸಂರಕ್ಷಕದ ಹೆಸರನ್ನೂ ನೆನಪಿಡಿ. ಅಲರ್ಜಿ ಪ್ರಕರಣಗಳು ಏರಿದ್ದರಿಂದ ತೊಳೆಯದೆ ಮೈಮೇಲೆ ಬಿಡುವ ಉತ್ಪನ್ನಗಳಲ್ಲಿ ಅದನ್ನು ಯುರೋಪ್ 2017ರಲ್ಲಿ ನಿಷೇಧಿಸಿತು. ‘ಹೈಪೊಅಲರ್ಜೆನಿಕ್’, ಅಂದರೆ ಅಲರ್ಜಿಯ ಸಂಭವ ಕಡಿಮೆ, ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೆ ಪರೀಕ್ಷೆಯ ಆಧಾರ ಕಡ್ಡಾಯ ಮಾಡಲು ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು, 1977ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು.

ಹೊಸ ಲೋಷನ್ ಕೊಂಡಮೇಲೆ ಮೊದಲ ದಿನವೇ ಮೈಗೆಲ್ಲ ಹಚ್ಚಬೇಡಿ. ಮೊಣಕೈಯ ಒಳಮಡಿಕೆಯಲ್ಲಿ ಹತ್ತು ರೂಪಾಯಿ ನಾಣ್ಯದಗಲ, ದಿನಕ್ಕೆರಡು ಸಲ, 7ರಿಂದ 10 ದಿನ ಹಚ್ಚಿ. ಅಂಗಡಿಯಲ್ಲಿ ಕೈಮೇಲೆ ಸವರಿ ನೋಡಿದರೆ ಅಲರ್ಜಿ ಗೊತ್ತಾಗುವುದಿಲ್ಲ, ಅದು ಕಾಣಿಸಿಕೊಳ್ಳಲು ಒಂದೆರಡು ದಿನದಿಂದ ಹಿಡಿದು ವಾರದವರೆಗೂ ಬೇಕು. ಹಚ್ಚಿದ ತಕ್ಷಣ ಚುರ್ರೆಂದು ಕೆಲ ನಿಮಿಷದಲ್ಲೇ ತಣ್ಣಗಾದರೆ ಅದು ಹೆಚ್ಚಾಗಿ ಬಿರುಕಿಗೆ ತಗುಲಿದ ಉರಿ. ಮರುದಿನ ಅಥವಾ ಅದರಾಚೆಗೆ ನವೆ, ಕೆಂಪು, ಸಣ್ಣ ಗುಳ್ಳೆ ಬಂದರೆ ಆ ಲೋಷನ್ ನಿಮಗಲ್ಲ.

ಎಲ್ಲ ಸರಿಯಾಗಿ ಆರಿಸಿಯೂ ಗುಣ ಕಾಣದಿರುವುದಕ್ಕೆ ಸಾಮಾನ್ಯ ಕಾರಣ ಪ್ರಮಾಣ. ಚರ್ಮತಜ್ಞರಿಗೆ ಬೆರಳತುದಿಯ ಲೆಕ್ಕವೊಂದಿದೆ: ಟ್ಯೂಬಿನಿಂದ ತೋರುಬೆರಳಿನ ಕೊನೆಯ ಗಿಣ್ಣಿನುದ್ದಕ್ಕೆ ಹಿಂಡಿದ್ದು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಗಲಕ್ಕೆ ಸಾಕು. ಈ ಲೆಕ್ಕದಲ್ಲಿ ಪಾದ ಸೇರಿ ಒಂದು ಕಾಲಿಗೆ 4 ಗ್ರಾಂ, ಹಸ್ತ ಸೇರಿ ಒಂದು ಕೈಗೆ 2 ಗ್ರಾಂ, ದೊಡ್ಡವರ ಇಡೀ ಮೈಗೆ ಸುಮಾರು 20 ಗ್ರಾಂ. ಲೋಷನ್ ತೆಳುವಾಗಿ ಹರಡುವುದರಿಂದ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಕೆಮ್ಮಿನ ಔಷಧಿಯ ಜೊತೆ ಬರುವ 5 ಮಿಲಿ ಅಳತೆಯ ಮುಚ್ಚಳಕ್ಕೆ ಪಂಪ್ ಒತ್ತಿ, ತುಂಬಲು ಎಷ್ಟು ಒತ್ತು ಬೇಕೆಂದು ಒಮ್ಮೆ ಎಣಿಸಿಕೊಳ್ಳಿ. ಒಂದು ಕಾಲಿಗೆ ಬೇಕಾದದ್ದು ಆ ಮುಚ್ಚಳಕ್ಕಿಂತ ಸ್ವಲ್ಪವೇ ಕಡಿಮೆ. ಕೈಕಾಲಿಗಷ್ಟೇ ದಿನಕ್ಕೊಮ್ಮೆ ಹಚ್ಚಿದರೂ 200 ಮಿಲಿ ಬಾಟಲಿ ಹದಿನಾರು ದಿನಕ್ಕೆ ಮುಗಿಯಬೇಕು. ಮೂರು ತಿಂಗಳು ಬಂತು ಎಂದರೆ ಹಚ್ಚುತ್ತಿರುವುದು ಏನೇನೂ ಸಾಲದು. ಹಾಗಾಗಿ ದುಬಾರಿ ಸಣ್ಣ ಬಾಟಲಿಯನ್ನು ಉಳಿಸಿ ಉಳಿಸಿ ಬಳಸುವುದಕ್ಕಿಂತ, ಕೈಗೆಟುಕುವ ಬೆಲೆಯ ದೊಡ್ಡ ಪಂಪ್ ಬಾಟಲಿ ಕೊಳ್ಳುವುದೇ ಜಾಣತನ.

ಹಚ್ಚುವ ಹೊತ್ತು ಸ್ನಾನ ಮುಗಿದ ಮೂರು ನಿಮಿಷದೊಳಗೆ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ, ಕೂದಲು ಬೆಳೆದಿರುವ ದಿಕ್ಕಿನಲ್ಲಿ ಸವರಿ. ಎದುರು ದಿಕ್ಕಿನಲ್ಲಿ ತಿಕ್ಕಿದರೆ ಕೂದಲಿನ ಬುಡದಲ್ಲಿ ಗುಳ್ಳೆಗಳಾಗಬಹುದು. ಮೇಲೆ ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಎರಡೂ ಸೇರಿ ಸಣ್ಣ ಉಂಡೆಗಳಾಗಿ ಕಿತ್ತು ಬರುತ್ತವೆ. ಸ್ನಾನದ ನೀರು ಉಗುರು ಬೆಚ್ಚಗಿರಲಿ, ಹತ್ತು ನಿಮಿಷ ಮೀರದಿರಲಿ. ಚರ್ಮದ ಪಿಎಚ್ (ಆಮ್ಲ–ಕ್ಷಾರದ ಅಳತೆ) ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪಿನ ಪಸೆ ಪೂರ್ತಿ ತೊಳೆದು ಹೋಗುವುದೂ ಇಲ್ಲ. ಸೋಪನ್ನು ಕಂಕುಳು, ತೊಡೆಸಂದು, ಪಾದಕ್ಕೆ ಸೀಮಿತಗೊಳಿಸಿದರೆ ಲೋಷನ್‌ನ ಅರ್ಧ ಕೆಲಸ ಹಗುರಾಗುತ್ತದೆ.

ಕೊಬ್ಬರಿ ಎಣ್ಣೆ ಸಾಲದೇ ಎಂದು ಕೇಳುವವರಿದ್ದಾರೆ. ಅದು ನಯ ಮಾಡುತ್ತದೆ, ಮುಚ್ಚುತ್ತದೆ, ಆದರೆ ನೀರನ್ನು ಹಿಡಿಯುವ ಗುಣ ಅದಕ್ಕಿಲ್ಲ. ಒಣಗಿದ ಮೈಗೆ ಹಾಗೇ ಹಚ್ಚುವ ಬದಲು ಹಸಿ ಮೈಗೆ, ಅಥವಾ ಗ್ಲಿಸರಿನ್ ಇರುವ ಲೋಷನ್‌ನ ಮೇಲೆ ನಾಲ್ಕೈದು ಹನಿ ಸವರಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಲಿವ್ ಎಣ್ಣೆ ಮಾತ್ರ ಬೇಡ. ಅದರಲ್ಲಿ ಹೇರಳವಾಗಿರುವ ಒಲೀಯಿಕ್ ಆಮ್ಲ ಚರ್ಮದ ಸಂದಿನ ಕೊಬ್ಬನ್ನೇ ಸಡಿಲಿಸುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ, ಜೊತೆಗೆ ಲೋಷನ್ ಬಾಟಲಿಯೂ ಕಪಾಟು ಸೇರುತ್ತದೆ. ಆದರೆ ಬೆಂಗಳೂರಿನಲ್ಲಿ ಗಾಳಿಯ ತೇವ ಅತಿ ಕಡಿಮೆಯಾಗುವುದು ಫೆಬ್ರವರಿ–ಮಾರ್ಚ್ ಮಧ್ಯಾಹ್ನಗಳಲ್ಲಿ. ಕಲಬುರಗಿ, ವಿಜಯಪುರ, ಬಳ್ಳಾರಿಯ ಕಡೆ ಒಣಹವೆ ಬೇಸಿಗೆ ಪೂರ್ತಿ ಮುಂದುವರಿಯುತ್ತದೆ. ದಿನವಿಡೀ ಎಸಿ ಕೆಳಗೆ ಕೂರುವವರಿಗೆ ಊರು ಯಾವುದಾದರೂ ಒಂದೇ. ಜೂನ್‌ನಲ್ಲಿ ಮಳೆ ಹಿಡಿಯುವವರೆಗೆ ಬಿಡಬೇಡಿ. ಕರಾವಳಿಯವರಿಗೆ ಅದೇ ಲೋಷನ್ ರಾತ್ರಿ ಒಂದು ಸಲ, ಕಣಕಾಲು ಮತ್ತು ಮೊಣಕೈಗಷ್ಟೇ ಸಾಕಾಗಬಹುದು.

ಹಗುರ ಲೋಷನ್‌ಗೆ ಆಗದ ಜಾಗಗಳೂ ಇವೆ. ಒಡೆದ ಹಿಮ್ಮಡಿಗೆ ಹೆಚ್ಚು ಯೂರಿಯಾ ಇರುವ ಕ್ರೀಮೋ ಪೆಟ್ರೋಲೇಟಮೋ ಬೇಕು. ಸಕ್ಕರೆ ಕಾಯಿಲೆ ಇರುವವರು ಪಾದಕ್ಕೆ ಹಚ್ಚಲಿ, ಬೆರಳುಗಳ ಸಂದಿಗೆ ಹಚ್ಚಬಾರದು, ಅಲ್ಲಿ ತೇವ ನಿಂತರೆ ಫಂಗಸ್ ಹಿಡಿಯುತ್ತದೆ. ವಯಸ್ಸಾದವರ ಕಣಕಾಲಿನಲ್ಲಿ ಬೇಸಿಗೆಯ ಕೆರೆಯಂಗಳದಂತೆ ಬಿರುಕುಗಳ ಜಾಲ ಮೂಡಿ ಕೆಂಪಾಗಿದ್ದರೆ ಅದು ಎಕ್ಸಿಮಾ, ಲೋಷನ್ ಒಂದರಿಂದಲೇ ಇಳಿಯುವುದಿಲ್ಲ. ಎರಡು ವಾರ ತಪ್ಪದೆ ಹಚ್ಚಿಯೂ ನವೆ ನಿದ್ದೆ ಕೆಡಿಸುತ್ತಿದ್ದರೆ, ನೀರು ಒಸರುತ್ತಿದ್ದರೆ, ಉಂಗುರದಾಕಾರದ ಕಲೆಗಳಿದ್ದರೆ ಚರ್ಮತಜ್ಞರ ಬಳಿ ಹೋಗಿ. ಔಷಧಿ ಅಂಗಡಿಯಲ್ಲಿ ಕೇಳಿ ತರುವ, ಸ್ಟಿರಾಯ್ಡ್ ಬೆರೆತ ಟ್ಯೂಬುಗಳು ನವೆಯನ್ನು ಎರಡು ದಿನದಲ್ಲಿ ಅಡಗಿಸುತ್ತವೆ. ಆದರೆ ವೈದ್ಯರ ಲೆಕ್ಕವಿಲ್ಲದೆ ಮುಂದುವರಿಸಿದರೆ ಚರ್ಮವನ್ನೇ ತೆಳುವಾಗಿಸುತ್ತವೆ, ಅಡಿಯಲ್ಲಿ ಹುಳುಕಡ್ಡಿ ಇದ್ದರೆ ಅದನ್ನು ಹರಡುತ್ತವೆ. ವೈದ್ಯರ ಬಳಿ ಹೋಗುವಾಗ ಬಳಸುತ್ತಿರುವ ಲೋಷನ್, ಸೋಪು, ಬಟ್ಟೆ ಒಗೆಯುವ ಪುಡಿ ಮೂರರ ಹಿಂಬದಿಯ ಪಟ್ಟಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ.